ಹತ್ತಕ್ಕೆ ಹೊರಟು ಹನ್ನೆರಡಕ್ಕೆ ಇಳಿದ ವಿಮಾನ

ಕೋಟಿನ ತೋಳಿಗೆ ನೀರು ಚಿಮುಕಿಸಿ ಇನ್ನೇನು ಇಸ್ತ್ರಿಪೆಟ್ಟಿಗೆ ಒತ್ತಬೇಕು, ಅಷ್ಟರಲ್ಲಿ ಕೋಟಿನ ಒಡತಿಯೇ ಬಾಗಿಲಿಗೆ ಬಂದು ನಿಂತಳು. ವಿಮಾನದಲ್ಲಿ ಕೆಲಸ ಮಾಡುವ ಹುಡುಗಿ.

"ಬೇಗ ಆಗುತ್ತಾ ದೊಡ್ಡಮ್ಮ? ಸಂಜೆ ಹೊರಡಬೇಕು."

ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಇಸ್ತ್ರಿ ಮಾಡುವ ಅವಳು ಎಲ್ಲರಿಗೂ ದೊಡ್ಡಮ್ಮ. ಪಕ್ಕದ ಮೇಜಿನಲ್ಲಿ ಹಾಸಿಗೆಬಟ್ಟೆ ಮಡಚುತ್ತಿದ್ದ ನಾದಿನಿಗೆ ಮಾತ್ರ ಅತ್ತಿಗೆ.

"ಯಾವೂರಿಗಮ್ಮ?"

ಹುಡುಗಿ ಹೆಸರು ಹೇಳಿದಳು. ಅದು ದೊಡ್ಡಮ್ಮನ ಅಕ್ಕ ಇರುವ ಊರು.

"ಓ, ಅದಾ! ಎರಡು ಗಂಟೆ ದಾರಿ. ಬರೋ ಮನಸ್ಸಿದ್ದವರಿಗೆ ಅದೇನು ದೂರ?" ಅಂದಳು ದೊಡ್ಡಮ್ಮ. ನಾದಿನಿ ಉಸಿರುಬಿಟ್ಟಳು. "ಶುರುವಾಯ್ತು!"

ನಾಲ್ಕು ವರ್ಷದ ಹಿಂದೆ, ಬೆಳಗ್ಗೆ ಹನ್ನೊಂದಕ್ಕೆ ಅಮ್ಮ ತೀರಿಕೊಂಡಾಗ ದೊಡ್ಡಮ್ಮ ಅಕ್ಕನಿಗೆ ಫೋನು ಮಾಡಿದ್ದಳು. ಅಕ್ಕ ಬಂದದ್ದು ಮರುದಿನ ಮಧ್ಯಾಹ್ನ, ಎಲ್ಲ ಮುಗಿದ ಮೇಲೆ. ಅವಳ ಚೀಲದ ಮೇಲೆ ಟಿಕೆಟ್ಟು ಬಿದ್ದಿತ್ತು. ಓದಲು ಕಲಿತ ಹೊಸತು, ದೊಡ್ಡಮ್ಮ ಓದಿಯೇಬಿಟ್ಟಳು: ಹೊರಡುವುದು ಹತ್ತಕ್ಕೆ, ಇಳಿಯುವುದು ಹನ್ನೆರಡಕ್ಕೆ. ಬಂದವರೆಲ್ಲರ ಎದುರಿಗೇ ಕೇಳಿದ್ದಳು, "ಎರಡು ಗಂಟೆ ದಾರಿಗೆ ನಿನಗೆ ಒಂದು ಹಗಲು ಒಂದು ರಾತ್ರಿ ಬೇಕಾಯ್ತಾ?" ಅಕ್ಕ ಚೀಲ ಎತ್ತಿಕೊಂಡು ಹೊರಟುಹೋದಳು. ಅಂದಿನಿಂದ ಮಾತಿಲ್ಲ ಕತೆಯಿಲ್ಲ.

"ಎರಡು ಗಂಟೆ ಅಂತ ಯಾರು ಹೇಳಿದ್ದು?" ಹುಡುಗಿ ನಕ್ಕಳು. "ನನ್ನ ಕಾಲನ್ನ ಕೇಳಿ. ಮೂರು ಸಾವಿರದ ಇನ್ನೂರು ಕಿಲೋಮೀಟರು. ನಾಲ್ಕೂವರೆ ಗಂಟೆ."

"ಟಿಕೆಟ್ಟಲ್ಲೇ ಇತ್ತಲ್ಲ, ಹತ್ತರಿಂದ ಹನ್ನೆರಡು!"

"ಹತ್ತು ಅಲ್ಲಿನ ಗಡಿಯಾರದ್ದು, ಹನ್ನೆರಡು ಇಲ್ಲಿನದ್ದು. ಅಲ್ಲಿ ಹತ್ತಾದಾಗ ನಮಗಿನ್ನೂ ಏಳೂವರೆ. ಅದೇ ವಿಮಾನ ಇಲ್ಲಿಂದ ಹೋಗೋ ಟಿಕೆಟ್ಟಲ್ಲಿ ಏಳು ಗಂಟೆ ಕಾಣುತ್ತೆ."

"ಹೋಗೋಕೆ ಏಳು, ಬರೋಕೆ ಎರಡು!" ನಾದಿನಿ ಕಣ್ಣರಳಿಸಿದಳು. "ಆಕಾಶದಲ್ಲಿ ಇಳಿಜಾರಿದೆ ಅಂದ್ಕೊಂಡ್ರಾ ಅತ್ತಿಗೆ?"

ದೊಡ್ಡಮ್ಮ ನಗಲಿಲ್ಲ. ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. "ದಿನಕ್ಕೆ ಎಷ್ಟು ವಿಮಾನ? ನಾಲ್ಕು ವರ್ಷದ ಹಿಂದೆ ಎಷ್ಟಿತ್ತು?"

"ಒಂದೇ. ಆಗಲೂ ಒಂದೇ ಇತ್ತು."

ಇಲ್ಲಿ ಹನ್ನೊಂದು ಅಂದರೆ ಅಲ್ಲಿ ಒಂದೂವರೆ. ಫೋನು ಹೋಗುವ ಹೊತ್ತಿಗೆ ಅವತ್ತಿನ ವಿಮಾನ ಹಾರಿ ಮೂರೂವರೆ ಗಂಟೆಯಾಗಿತ್ತು. ಅಕ್ಕ ಹತ್ತಿದ್ದು ಸಿಕ್ಕ ಮೊದಲನೆಯದನ್ನೇ.

ಇಸ್ತ್ರಿ ಮುಗಿಸಿ ಕೋಟು ಕೊಟ್ಟು ಹುಡುಗಿಯ ಎರಡೂ ಕೈ ಹಿಡಿದುಕೊಂಡಳು ದೊಡ್ಡಮ್ಮ. "ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ." ಹುಡುಗಿಗೆ ತಾನೇನು ಕೊಟ್ಟೆ ಅಂತಲೇ ತಿಳಿಯಲಿಲ್ಲ.

ಮನೆಗೆ ಬಂದು ಟ್ರಂಕಿನ ತಳದಿಂದ ಒಂದು ಕಾಗದ ತೆಗೆದಳು. ನಿಮ್ಮ ಉಪಕಾರಿಗೊಂದು ಪತ್ರ ಬರೆಯಿರಿ ಅಂತ ರಾತ್ರಿಶಾಲೆಯ ಮೇಷ್ಟ್ರು ಹೇಳಿದಾಗ, ಅಮ್ಮ ಹೋಗುವ ಒಂದು ವಾರ ಮುಂಚೆ ಬರೆದದ್ದು. ಸೊಟ್ಟ ಅಕ್ಷರದ ಎರಡು ಪುಟ. ಅಪ್ಪ ಸತ್ತಾಗ ಅಕ್ಕ ತನ್ನ ಓದು ಬಿಟ್ಟು ದುಡಿದದ್ದು; ಐವತ್ತು ದಾಟಿದ ತಂಗಿ ಶಾಲೆಗೆ ಹೋಗಲು ನಾಚಿದಾಗ ದಿನಾ ಫೋನು ಮಾಡಿ "ಇವತ್ತು ಯಾವ ಅಕ್ಷರ ಕಲಿತೆ?" ಅಂದದ್ದು. ಸಿಟ್ಟಿನಲ್ಲಿ ಅಂಚೆಗೆ ಹಾಕದೆ ಉಳಿದಿತ್ತು, ಹರಿಯಲು ಮಾತ್ರ ಕೈ ಬಂದಿರಲಿಲ್ಲ.

ಕೆಳಗಿನ ಖಾಲಿ ಜಾಗದಲ್ಲಿ ಬರೆದಳು: "ಅಕ್ಕಾ, ಗಡಿಯಾರ ಓದೋದು ನನಗೆ ಬಂದಿರಲಿಲ್ಲ. ತಪ್ಪಾಯ್ತು. ಅಷ್ಟು ದೂರದಿಂದ ಬಂದೆಯಲ್ಲ, ಅವತ್ತು ನಿನಗೆ ನೀರು ಕೂಡ ಕೊಡಲಿಲ್ಲ ನಾನು."

ಅಂಚೆ ಕಚೇರಿಯ ಗುಮಾಸ್ತ ಲಕೋಟೆ ತೂಗಿ, ಮುದ್ರೆ ಒತ್ತಿ, ಹಿಂದಿದ್ದ ಚೀಲಕ್ಕೆ ಎಸೆದ.