ಬಿಗಿಯಾಗಿ ಕಟ್ರಿ

"ಆ ಕೊಳಕು ಕಾಲು ಅತ್ಲಾಗೆ ಎಳ್ಕೊಳ್ಳೋ, ಬೋಳಿಮಗನೆ. ನಾತಕ್ಕೆ ತಿಂದದ್ದೆಲ್ಲ ಈಚೆ ಬರುತ್ತೆ," ಅಂದರು ಸರಕಾರಿ ಆಸ್ಪತ್ರೆಯ ಡಾಕ್ಟರು, ಮೂಗಿಗೆ ಕರ್ಚೀಪು ಒತ್ತಿಕೊಂಡು.

ಮದಕರಿಪುರದ ಸೌಕಾರ ಶಿವಕುಮಾರಪ್ಪನ ಕುರಿ ಕಾಯುವ ಪಾಲಯ್ಯ ಕಾಲು ಎಳೆದುಕೊಂಡ. ಅರವತ್ತು ದಾಟಿದ ಮುದುಕ. ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆಗೆ ಎಡಗಾಲಿನ ಬೆರಳು ಕರ್ರಗಾಗಿ ಕೊಳೆತು ಸೋರುತ್ತಿತ್ತು. ಡಾಕ್ಟರು ಅದನ್ನು ಪೆನ್ನಿನಲ್ಲಿ ತಿವಿದು ನೋಡಿ, ಪೆನ್ನನ್ನು ಮುದುಕನ ಕಂಬಳಿಗೇ ಒರೆಸಿದರು. ಥೂ, ಇವರದೂ ಒಂದು ಓದು.

"ರಕ್ತನಾಳ ಮುಚ್ಚಿಹೋಗಿದೆ. ಕಾಲು ಕಟ್ ಮಾಡ್ಬೇಕು. ಒತ್ತು ಇಲ್ಲಿ ಹೆಬ್ಬೆಟ್ಟು."

ಪಾಲಯ್ಯನಿಗೆ ಹೋದ ಜೀವ ಬಂದಂತಾಯಿತು. ಕಟ್ಟು ಅಂದರೆ ಅವನಿಗೆ ಗೊತ್ತಿಲ್ಲವೆ? ಕಾಲು ಮುರಿದ ಕುರಿಗಳಿಗೆ ಬಿದಿರು ದಬ್ಬೆ ಇಟ್ಟು ಎಷ್ಟು ಕಟ್ಟು ಕಟ್ಟಿದ್ದನೋ, ತಿಂಗಳೊಪ್ಪತ್ತಿನಲ್ಲಿ ಎಲ್ಲವೂ ಮಂದೆ ಸೇರಿದ್ದವು.

"ಬಿಗಿಯಾಗಿ ಕಟ್ರಿ ಬುದ್ಧಿ," ಅಂತ ಹೆಬ್ಬೆಟ್ಟು ಒತ್ತಿದ. ಪಕ್ಕದಲ್ಲಿ ನಿಂತಿದ್ದ ಕಾಂಪೌಂಡರು ಕಿಸಕ್ಕನೆ ನಕ್ಕ.

ಮಧ್ಯಾಹ್ನ ಆಸ್ಪತ್ರೆಯ ಜಾಡಮಾಲಿ ದುರುಗಕ್ಕ ಬಕೆಟ್ಟು ಹಿಡಿದು ಮಂಚದ ಹತ್ತಿರ ಬಂದಳು.

"ಯಾವ ಕಾಲಜ್ಜ?"

"ಎಡದ್ದು. ಕಟ್ಟು ಕಟ್ಟಾಕೆ ಬಕೆಟ್ಟು ಯಾಕವ್ವ?"

ದುರುಗಕ್ಕ ಅವನ ಮುಖವನ್ನೇ ನೋಡಿದಳು. "ಕಟ್ಟಲ್ಲ ಕಣಜ್ಜ, ಕಟ್. ಕೊಯ್ಯಾದು. ಮೊಣಕಾಲ ಮ್ಯಾಲೆ ಗರಗಸ ಹಾಕ್ತಾರೆ. ಆಮ್ಯಾಕೆ ನಾನು ಇದ್ರಾಗೆ ಹೊತ್ಕಂಡೋಗಿ ಹಿಂದ್ಲ ಗುಂಡಿಗೆ ಹಾಕ್ತೀನಿ. ನಾಯಿ ಕೆದರ್ತಾವೆ ಅಂತ ಮ್ಯಾಲೆ ಕಲ್ಲು ಹೇರ್ತೀನಿ."

ಪಾಲಯ್ಯ ಎಡಗಾಲನ್ನು ಕಂಬಳಿಯೊಳಕ್ಕೆ ಎಳೆದುಕೊಂಡ.

"ನಿಮ್ಮೂರ ಶಿವಕುಮಾರಪ್ಪ ಸ್ಪೆಷಲ್ ವಾರ್ಡಿನಾಗೆ ಅವ್ನೆ. ಅವನದೂ ಇದೇ ರೋಗ, ಇಂಥದೇ ಕರೀ ಬೆರಳು. ಅವನ ಪಾದ ಇದೇ ಡಾಕ್ಟ್ರು ತೊಡೆ ಮ್ಯಾಲೆ ಇಟ್ಕಂಡು ನೋಡಿದ್ದು ನಾನೇ ಕಂಡೆ. ಬೆಂಗ್ಳೂರಿನಾಗೆ ತೊಡೆ ನರ ತೆಗ್ದು ಜೋಡಿಸ್ತಾರಂತೆ, ಕಾಲು ಉಳೀತೈತಂತೆ. ಅಲ್ಲಿನ ಆಸ್ಪತ್ರೆಗೆ ಕಾಗ್ದ ಬರ್ಕೊಟ್ರು. ಹಾಳಾದೋರು."

ಪಾಲಯ್ಯ ಮಂಚದಿಂದ ಇಳಿದ. ಆ ಸೌಕಾರನ ಕುರಿಗಳ ಹಿಂದೆ ನಲವತ್ತು ವರ್ಷ ಸವೆದ ಕಾಲು ಗುಂಡಿಗೆ, ಜಗಲಿ ಬಿಟ್ಟು ಇಳಿಯದ ಕಾಲು ಬೆಂಗಳೂರಿಗೆ. ಇವರ ಬಾಯಿಗೆ ಮಣ್ಣು ಹಾಕ.

ಗೋಡೆ ಹಿಡಿದು ಕುಂಟುತ್ತ ಡಾಕ್ಟರ ಕೋಣೆಗೆ ಹೋದ. ನಡೆದಲ್ಲೆಲ್ಲ ಕೀವಿನ ಗುರುತು ಬಿತ್ತು. ಮೇಜಿನ ಮೇಲೆ ತನ್ನ ಹೆಬ್ಬೆಟ್ಟಿನ ನೀಲಿ ಮಸಿ ಇದ್ದ ಕಾಗದ ಕಂಡಿತು. ಎತ್ತಿದವನೇ ಬಾಯಿಗೆ ತುರುಕಿಕೊಂಡ.

"ಲೇ, ಸರಕಾರಿ ಕಾಗದ ಅದು. ಉಗುಳೋ ಸೂಳೆಮಗನೆ," ಅಂತ ಡಾಕ್ಟರು ಕಿರುಚಿದರು.

ಪಾಲಯ್ಯ ಅವಸರ ಮಾಡಲಿಲ್ಲ. ಚೆನ್ನಾಗಿ ಅಗಿದು ನುಂಗಿದ.

"ಹೆಬ್ಬೆಟ್ಟು ಹೊಟ್ಟೆಗೋತು. ಸೌಕಾರ್ಗೆ ಬರ್ಕೊಟ್ರಲ್ಲ, ಆ ಕಾಗ್ದ ನಂಗೂ ಬರೀರಿ."

ಡಾಕ್ಟರು ಕಾಂಪೌಂಡರನ್ನು ಕೂಗಿದರು. ಅಷ್ಟರಲ್ಲಿ ಪಾಲಯ್ಯ ಕುರ್ಚಿ ಎಳೆದು ಕುಂತು, ಎರಡೂ ಕೈಯಲ್ಲಿ ಕೊಳೆತ ಕಾಲನ್ನು ಎತ್ತಿ, ಅವರು ಅರ್ಧ ಕುಡಿದಿಟ್ಟ ಚಾ ಲೋಟದ ಪಕ್ಕದಲ್ಲಿಟ್ಟ.

"ಬರೀರಿ," ಅಂದ.