ತಾರೀಖು ಕೇಳುವ ಪರದೆ

ಶಿರಸಿಯ ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ಕಮಲಾಕರ ಮೂರು ವರ್ಷ ಕೂತು ಮೊಬೈಲಿಗೊಂದು ಪಂಚಾಂಗ ಬರೆದಿದ್ದ. ಅಗ್ಗದ ಗುಂಡಿಯ ಸೆಟ್ಟುಗಳಲ್ಲೂ ನಡೆಯುವ ಜಾವಾ ಪ್ರೋಗ್ರಾಮು. ಅವುಗಳಲ್ಲಿ ಕೆಲವಕ್ಕೆ ದಶಾಂಶವೆಂದರೇನೆಂದೇ ತಿಳಿಯದು. ಆದ್ದರಿಂದ ಸೂರ್ಯ ಚಂದ್ರರ ಗತಿಯನ್ನೆಲ್ಲ ಹತ್ತು ಸಾವಿರದಿಂದ ಗುಣಿಸಿ, ಪೂರ್ಣಾಂಕಗಳಲ್ಲೇ ಲೆಕ್ಕ ಕಟ್ಟಿದ್ದ. ತ್ರಿಕೋನಮಿತಿಯ ಸೈನ್ ಕೋಷ್ಟಕವನ್ನು ಕೈಯಾರೆ ತುಂಬಿದ್ದ. ಇಷ್ಟೆಲ್ಲ ಅರವತ್ತನಾಲ್ಕು ಕಿಲೋಬೈಟಿನೊಳಗೆ ಹಿಡಿಯಬೇಕಿತ್ತು, ಹಿಡಿದಿತ್ತು.

ತೆರೆದ ಕೂಡಲೇ ಅದು ಮೊದಲು ತಾರೀಖು ಕೇಳುತ್ತಿತ್ತು. ಸೆಟ್ಟಿನ ಗಡಿಯಾರದ ಮೇಲೆ ಕಮಲಾಕರನಿಗೆ ನಂಬಿಕೆಯಿರಲಿಲ್ಲ. ಬ್ಯಾಟರಿ ತೆಗೆದು ಹಾಕಿದರೆ ಇಸವಿಯನ್ನೂ ಮರೆಯುವ ಜಾತಿ ಅದು.

ಅವನ ತಂಗಿಯ ಮಗ ಶಶಾಂಕನಿಗೆ ನಂಬಿಕೆಗಳಿಗೆ ಬರವಿರಲಿಲ್ಲ. ಹುಬ್ಬಳ್ಳಿಯಲ್ಲಿ ಆರು ವಾರದ ಕೋರ್ಸು ಮುಗಿಸಿ ಬಂದು ತರಗತಿಯಲ್ಲಿ ಪಾಲುದಾರನಾಗಿದ್ದ. 2006ರಲ್ಲಿ ಜಾವಾವೇ ಭವಿಷ್ಯ ಎಂದಿದ್ದ. ಮರುವರ್ಷ ಸಿಂಬಿಯನ್, ಅದರ ಮರುವರ್ಷ ವಿಂಡೋಸ್ ಮೊಬೈಲ್. ಈಗ 2009, ಆಂಡ್ರಾಯ್ಡ್. ನಾಲ್ಕು ವರ್ಷಕ್ಕೆ ನಾಲ್ಕು ಭವಿಷ್ಯ, ಒಂದರಲ್ಲೂ ಅವನು ಒಂದು ಪ್ರೋಗ್ರಾಮು ಬರೆದು ಮುಗಿಸಿರಲಿಲ್ಲ.

"ಗುಂಡಿ ಒತ್ತ ಕಾಲ ಮುಗ್ದೋತು ಮಾವಾ. ಇನ್ನೆಲ್ಲಾ ಬೆರಳಲ್ಲಿ ಸರಸದು."

"ಹೋದ ವರ್ಷ ಬೇರೆ ಎಂತೋ ಹೇಳಿದ್ಯಲೋ?"

"ಅದು ಹೋದ ವರ್ಷ ಆತಲಿ!"

ಅಮೆರಿಕದಿಂದ ಯಾರೋ ತಂದು ಮಾರಿದ ಟಚ್ ಸೆಟ್ಟೊಂದನ್ನು ಶಶಾಂಕ ಹುಬ್ಬಳ್ಳಿಯಲ್ಲಿ ಹಿಡಿದಿದ್ದ. ಮಾವನ ಲೆಕ್ಕವನ್ನು ಹಾಗೆಯೇ ಎತ್ತಿ ಅದಕ್ಕೆ ಹಾಕಿ, ಮೇಲೆ ಗಣಪತಿ, ದೀಪ, ತಿರುಗುವ ಚಕ್ರಗಳನ್ನು ಕೂರಿಸಿದ. ತಾರೀಖು ಕೇಳುವ ಪರದೆಯನ್ನು ತೆಗೆದುಹಾಕಿ, ಸೆಟ್ಟಿನ ಗಡಿಯಾರದಿಂದಲೇ ತಾರೀಖು ತೆಗೆದುಕೊಳ್ಳುವಂತೆ ಮಾಡಿದ.

"ಜನರ ಹತ್ರ ಪ್ರಶ್ನೆ ಕೇಳದೇ ಬ್ಯಾಡ ಮಾವಾ. ತೆರದ ಕೂಡ್ಲೆ ಉತ್ತರ ಬರವು. ಈಗ ಟ್ರೆಂಡೇ ಅದು."

"ಉತ್ತರ ಸರಿ ಇರವು ಹೇಳದು ಟ್ರೆಂಡಲ್ಲಿ ಇದ್ದ, ಇಲ್ಯ?"

ಶಶಾಂಕ ನಕ್ಕುಬಿಟ್ಟ. ಅವನು ಏಳುವುದೇ ಹತ್ತರ ಮೇಲೆ. ಮಧ್ಯಾಹ್ನ ಊಟವಾದ ಮೇಲೆ ಒಂದು ವಾರ ಪರೀಕ್ಷಿಸಿದ. ಪ್ರತಿ ಸಲವೂ ತಿಥಿ ಸರಿಯಾಗಿಯೇ ಬಂತು.

ಸೋಂದೆಯ ತಿಮ್ಮಣ್ಣ ಭಟ್ಟರು ಪಂಚಾಂಗದಲ್ಲಿ ದೊಡ್ಡ ಹೆಸರು. ಅವರು ಹೂಂ ಎಂದರೆ ಸಿದ್ದಾಪುರ, ಯಲ್ಲಾಪುರದ ಕಡೆಯ ಪುರೋಹಿತರೂ ಈ ಪ್ರೋಗ್ರಾಮನ್ನು ತಮ್ಮ ಸೆಟ್ಟಿಗೆ ಹಾಕಿಸಿಕೊಳ್ಳುತ್ತಿದ್ದರು. ಅವರು ಅಲ್ಲ ಎಂದರೆ ಕಮಲಾಕರನ ಮೂರು ವರ್ಷ ಅವನ ಜೇಬಿನಲ್ಲೇ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ಒಂಬತ್ತೂವರೆಗೆ ಅದನ್ನು ನೋಡಲು ಭಟ್ಟರ ಜಗಲಿಯಲ್ಲಿ, ಭಟ್ಟರನ್ನೂ ಹಿಡಿದು ಏಳು ಜನ ಪುರೋಹಿತರು ಸೇರಿದರು. ಅಂದು ಮಾತ್ರ ಬೇಗ ಎದ್ದು ಬೈಕಿನಲ್ಲಿ ಬಂದ ಶಶಾಂಕ, ಕಮಲಾಕರ ಬಾಯಿ ತೆರೆಯುವ ಮೊದಲೇ ಟಚ್ ಸೆಟ್ಟನ್ನು ಭಟ್ಟರ ಕೈಗಿಟ್ಟ.

ಭಟ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು.

"ಇವತ್ತು ದಶಮಿ ಹೇಳಿ ತೋರಿಸ್ತಲೋ ತಮಾ."

"ಹೌದು ಭಟ್ರೇ. ಎಂತದೂ ಒತ್ತದೇ ಬ್ಯಾಡ ನೋಡಿ!"

"ಏಕಾದಶಿ ಹೇಳಿ ಆನು ಬೆಳಿಗ್ಗಿಂದ ಉಪವಾಸ ಕೂತಿದ್ದೆ. ಒಳಗೆ ಹೇಳಿ ಎಲೆ ಹಾಕ್ಸಲಾ?"

ಜಗಲಿ ಗೊಳ್ಳೆಂದಿತು. ಕಮಲಾಕರ ಸೆಟ್ಟನ್ನು ಇಸಿದುಕೊಂಡು ಗಡಿಯಾರ ನೋಡಿದ. ಒಂಬತ್ತು ಗಂಟೆ, ಆದರೆ ರಾತ್ರಿ ಒಂಬತ್ತು, ಅದೂ ನಿನ್ನೆಯದು. ಸೆಟ್ಟು ಇನ್ನೂ ಅಮೆರಿಕದ ಪಶ್ಚಿಮ ಕರಾವಳಿಯಲ್ಲೇ ಇತ್ತು. ಗಡಿಯಾರ ಅರ್ಧ ತಾಸು ಹಿಂದಿದೆ ಎಂದುಕೊಂಡಿದ್ದ ಶಶಾಂಕ ಹಗಲೋ ರಾತ್ರಿಯೋ ಎಂದು ನೋಡಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆ ಅಲ್ಲಿಯ ತಾರೀಖೂ ಇಲ್ಲಿಯದೂ ಒಂದೇ ಆಗುತ್ತಿದ್ದರಿಂದ ಅವನ ಪರೀಕ್ಷೆಗಳೆಲ್ಲ ಪಾಸಾಗಿದ್ದವು.

ಕಮಲಾಕರ ಇದನ್ನೆಲ್ಲ ವಿವರಿಸಿ, ಟಚ್ ಸೆಟ್ಟನ್ನು ಶಶಾಂಕನಿಗೆ ಮರಳಿಸಿ ತನ್ನ ಗುಂಡಿಯ ಸೆಟ್ಟನ್ನು ತೆಗೆದ. ಇಂದಿನ ತಾರೀಖು ಒತ್ತಿದ, ಏಕಾದಶಿ ಬಂತು. ಭಟ್ಟರು ತಮ್ಮ ತಂದೆ ತೀರಿಕೊಂಡ ತಾರೀಖು ಹೇಳಿದರು. ಬಹುಳ ಸಪ್ತಮಿ ಬಂತು, ಅವರು ಶ್ರಾದ್ಧ ಮಾಡುವ ತಿಥಿಯೇ. ಬೇಕೆಂದೇ, ತಿಥಿಯೊಂದು ಸೂರ್ಯೋದಯವನ್ನೇ ಕಾಣದೆ ಲೋಪವಾದ ದಿನವೊಂದನ್ನು ಹುಡುಕಿ ಕೇಳಿದರು. ಬೆಂಕಿಪೊಟ್ಟಣದಷ್ಟು ಪರದೆ ಅದನ್ನೂ ತಪ್ಪದೆ ಹೇಳಿತು.

"ನಿಂದು ಸರಿ ಇದ್ದು ಕಮಲಾಕರಾ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲೆ."

ಮೂರು ವರ್ಷ ಕಾದ ಮಾತು ಅದು. ಅವನು ತಲೆಯೆತ್ತಿ ನೋಡಿದರೆ ಕೇಳಿಸಿಕೊಂಡವರೇ ಇರಲಿಲ್ಲ. ಉಳಿದ ಆರೂ ಜನ ಶಶಾಂಕನನ್ನು ಮುತ್ತಿದ್ದರು. ಒಬ್ಬರು ಗಣಪತಿಯನ್ನು ಬೆರಳಲ್ಲಿ ಎಡಕ್ಕೆ ತಳ್ಳಿದರೆ ಇನ್ನೊಬ್ಬರು ಬಲಕ್ಕೆ ಎಳೆಯುತ್ತಿದ್ದರು. ಭಟ್ಟರೂ ಮೆಲ್ಲಗೆ ಎದ್ದುಹೋಗಿ ಒಂದು ಸಲ ಸರಿಸಿ ನೋಡಿದರು, ಮತ್ತೊಂದು ಸಲ ಸರಿಸಿದರು.

"ಯಂಗಕ್ಕೆ ಇದೇ ಇರಲಿ ತಮಾ," ಎಂದರು ಎಲ್ಲರ ಪರವಾಗಿ.

"ಭಟ್ರೇ, ಅದು ತಪ್ಪು ತೋರಿಸ್ತು!" ಎಂದ ಕಮಲಾಕರ.

"ತೋರ್ಸಲಿ ಬಿಡಾ. ತಿಥಿ ಯಂಗಕ್ಕೆ ಹೇಂಗೂ ಗೊತ್ತಿರ್ತು. ಕಾರ್ಯದ ಮನೆಲಿ ತೆಗದು ಹಿಡದ್ರೆ ಚಂದ ಕಾಣವು."

ಅಂಥ ಸೆಟ್ಟು ಅಲ್ಲಿ ಒಬ್ಬರ ಹತ್ತಿರವೂ ಇರಲಿಲ್ಲ. ಏಳು ಜನರ ಏಳು ಗುಂಡಿಯ ಸೆಟ್ಟುಗಳು ಏಳು ಸೊಂಟಗಳಲ್ಲಿದ್ದವು. ತಮ್ಮ ಸೆಟ್ಟಿನಲ್ಲಿ ನಡೆಯದ, ನಡೆದರೂ ತಪ್ಪು ಹೇಳುವ ಪ್ರೋಗ್ರಾಮನ್ನು ಏಳೂ ಜನ ಸರ್ವಾನುಮತದಿಂದ ಆರಿಸಿದ್ದರು. ಕಮಲಾಕರ ಅವರನ್ನೊಮ್ಮೆ ಎಣಿಸಿದ. ಲೆಕ್ಕ ಸರಿಯಿತ್ತು.

"ಶಶಾಂಕಾ, ಮೊದಲ್ನೇ ಪರದೆಲಿ ತಾರೀಖು ಕೇಳವು. ಇಲ್ದಿದ್ರೆ ಯನ್ನ ಹೆಸರು ಅದ್ರಲ್ಲಿ ಬ್ಯಾಡ. ತೆಗದುಹಾಕು."

ಶಶಾಂಕ ಪರದೆಯಿಂದ ಕಣ್ಣೆತ್ತಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ನಿನ್ನ ಹೆಸರು ಹಾಕಿದ್ದೇ ಇಲ್ಲೆ ಮಾವಾ. ದೀಪ ಇಟ್ಟ ಮೇಲೆ ಜಾಗ ಉಳದ್ದಿಲ್ಲೆ."

ಕಮಲಾಕರ ಗುಂಡಿಯ ಸೆಟ್ಟನ್ನು ಜೇಬಿಗೆ ಹಾಕಿಕೊಂಡು ಭಟ್ಟರಿಗೆ ಕೈಮುಗಿದು ರಸ್ತೆಗಿಳಿದ. ಅರ್ಧ ಮೈಲಿ ನಡೆಯುವಷ್ಟರಲ್ಲಿ ಶಶಾಂಕ ಬೈಕಿನಲ್ಲಿ ಹಿಂದಿನಿಂದ ಬಂದು ನಿಲ್ಲಿಸಿದ.

"ಹತ್ತಾ ಮಾವಾ. ಬಸ್ಸು ಯಾವಾಗ ಬತ್ತೋ ಎಂತದೋ."

"ಬ್ಯಾಡ, ಬಸ್ಸಿಗೇ ಬತ್ತೆ ಆನು. ತಡ ಆದ್ರೂ ಬೋರ್ಡಿನ ಮೇಲೆ ಬರದ ಊರಿಗೇ ಹೋಗ್ತು ಅದು."