ಕುಲ್ಫಿ ಪೆಟ್ಟಿಗೆಯೊಳಗಿನ ಸೂಜಿ

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕುಲ್ಫಿ ಮಾರುವ ಜಂಗ್ಲಿಸಾಬನ ಮುಂದೆ ತಂಪಿನ ಬಗ್ಗೆ ಯಾರಾದರೂ ಬಾಯಿಬಿಟ್ಟರೆ ಮುಗಿಯಿತು! ಬರ್ಫ್ ಎನ್ನುವ ಐಸ್ ಗಡ್ಡೆಗೆ ಎಷ್ಟು ಉಪ್ಪು ಸುರಿದರೆ ಹಾಲು ಕಲ್ಲಾಗುತ್ತದೆಂದು ಅಪ್ಪನಿಂದ ಕಲಿತವನು. ಎಂಥ ಬಿಸಿಲಿಗೂ ಅವನ ಕುಲ್ಫಿ ಕರಗಿದ್ದನ್ನು ಕಂಡವರಿಲ್ಲ.

ಹೆಂಡತಿ ಖಾತೂನ್‌ಬೀಗೆ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿತ್ತು. ಕೊಲೆಸ್ಟ್ರಾಲ್ ಗುಳಿಗೆ ನುಂಗಿದರೆ ಮೈಕೈ ಹಿಡಿದುಕೊಂಡು ಏಳಲಾರಳು, ಪಾಪ. ಸಿಂಧನೂರಿನ ಡಾಕ್ಟರು ಹೊಸದಾಗಿ ಬಂದ ಇಂಜೆಕ್ಷನ್ ಬರೆದುಕೊಟ್ಟರು.

"ಹದಿನೈದು ದಿನಕ್ಕೊಂದು ಚುಚ್ರಿ. ಇನ್ನೊಂದು ಅಟ್ಯಾಕ್ ಆದ್ರ ಆಕಿ ತಡ್ಯಾಂಗಿಲ್ಲ. ಫ್ರಿಜ್ಜಿನ್ಯಾಗ ಇಡ್ರಿ."

ಮನೆಯಲ್ಲಿ ಫ್ರಿಜ್ ಎಲ್ಲಿಯದು? ಪಕ್ಕದ ಮನೆಯ ನಾಗವೇಣಿ, "ನಮ್ಮಲ್ಲಿ ಇಡ್ರಿ ಚಾಚಾ," ಎಂದಳು.

ಜಂಗ್ಲಿಸಾಬನಿಗೆ ನಗು ತಡೆಯಲಿಲ್ಲ. "ಹೋಗವ್ವಾ! ಕರೆಂಟ್ ಹೋದ್ರ ನಿಮ್ಮ ಫ್ರಿಜ್ಜು ಬರೇ ಸಂದೂಕ. ನನ್ನ ಬರ್ಫಿನ ಮುಂದ ಅದೇನು ತಂಪು?"

ಔಷಧ ತುಂಬಿಯೇ ಬಂದ ಸೂಜಿಗಳನ್ನು ಕುಲ್ಫಿ ಡಬ್ಬಿಗಳ ನಡುವೆ, ಉಪ್ಪು ಬೆರೆಸಿದ ಬರ್ಫಿನಲ್ಲಿ ಹುಗಿದ. ವ್ಯಾಪಾರವಿಲ್ಲದ ರಂಜಾನಿನ ಹಗಲುಗಳಲ್ಲೂ ಬರ್ಫ್ ತಂದು ಪೆಟ್ಟಿಗೆ ತುಂಬಿದ. ದಿನ ಬಂದಾಗ ಸೂಜಿಯನ್ನು ಅಂಗೈಯಲ್ಲಿ ಹಿಡಿದು ಕರಗಿಸಿ, ಬಿಸ್ಮಿಲ್ಲಾ ಎಂದು ತಾನೇ ಚುಚ್ಚುತ್ತಿದ್ದ.

ಮಳೆಗಾಲ ಕಳೆಯುವಷ್ಟರಲ್ಲಿ ಖಾತೂನ್‌ಬೀ ಒಲೆಯ ಮುಂದೆಯೇ ಕುಸಿದಳು. ಸಿಂಧನೂರಿಗೆ ಒಯ್ದರೆ, ಡಾಕ್ಟರು ರಕ್ತದ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು.

"ಕೊಲೆಸ್ಟ್ರಾಲ್ ಒಂಚೂರೂ ಇಳಿದಿಲ್ಲ. ಇಂಜೆಕ್ಷನ್ ಎಲ್ಲಿ ಇಟ್ಟಿದ್ರಿ?"

"ಬರ್ಫಿನ್ಯಾಗ್ರೀ ಸಾಹೇಬ್ರ! ಕಲ್ಲಾಗಿ ಕುಂತಿದ್ವು," ಎಂದ ಹೆಮ್ಮೆಯಿಂದ.

ಡಾಕ್ಟರು ಕನ್ನಡಕ ತೆಗೆದರು. "ಹೆಪ್ಪುಗಟ್ಟಿದ್ರ ಆ ಔಷಧ ಕೆಟ್ಟು ಹೋಗ್ತೈತ್ರಿ. ಇಷ್ಟು ದಿನ ನೀರು ಚುಚ್ಚಿದಂಗಾತು."

"ಹೊಸಾವು ತರ್ತೀನ್ರೀ. ನಾಗವೇಣಿ ಫ್ರಿಜ್ಜಿನ್ಯಾಗ ಇಡ್ತೀನಿ..."

"ಈಗ ಯಾವುದೂ ಉಪಯೋಗಿಲ್ಲ. ಹಾರ್ಟ್ ಪೂರಾ ಸೋತೈತಿ. ಮನೀಗೆ ಕರ್ಕೊಂಡು ಹೋಗ್ರಿ."

ಯಾ ಅಲ್ಲಾ! ಯಾರನ್ನು ಬೈಯುವುದು? ತನ್ನ ಕೈಗಳನ್ನು ನೋಡಿಕೊಳ್ಳಲೂ ಅವನಿಗೆ ಹೇಸಿಕೆಯಾಯಿತು. ಹೆಂಡತಿಗೆ ಏನೂ ಹೇಳದೆ ಮಸ್ಕಿಗೆ ಕರೆತಂದ.

ಮರುದಿನ ನೋಡಲು ಬಂದ ನಾಗವೇಣಿಯ ಕೈ ಹಿಡಿದು ಖಾತೂನ್‌ಬೀ ಹೇಳಿದಳು, "ನಮ್ಮೋರು ಭಾಳ ಜೋಪಾನ ಮಾಡ್ಯಾರವ್ವಾ. ಒಂದು ಸೂಜಿ ತಪ್ಪಿಸಿಲ್ಲ." ಆಮೇಲೆ ಗಂಡನತ್ತ ತಿರುಗಿದಳು. "ಇವತ್ತು ಸೂಜಿ ದಿನ ಅಲ್ಲೇನ್ರಿ?"

ಜಂಗ್ಲಿಸಾಬ ಎದ್ದು ಹೋದ. ಪೆಟ್ಟಿಗೆಯ ಬರ್ಫ್ ಕರಗಿ ನೀರಾಗಿತ್ತು. ಕೊನೆಯ ಸೂಜಿ ಅದರಲ್ಲಿ ತೇಲುತ್ತಿತ್ತು. ತಂದು ಅಂಗೈಯಲ್ಲಿ ಹಿಡಿದು ಎಂದಿನಂತೆ ಅವಳ ಪಕ್ಕ ಕುಳಿತ. ನೇರವಾಗಿ ಚುಚ್ಚಲು ಹೋದ.

"ಯಾಕ್ರಿ, ಮರ್ತ್ರೇನು?" ಎಂದು ಖಾತೂನ್‌ಬೀ ತಾನೇ ಬಿಸ್ಮಿಲ್ಲಾ ಹೇಳಿಕೊಂಡಳು.